ಧರೆಯ ಮೇಲಿನ ಪುಟ್ಟ ಬಟ್ಟಲುಗಳು: ಮಲೆನಾಡಿನಲ್ಲಿ ನೆಲದ ಕಲ್ಲುಹೂ ಹುಡುಕಿ ಗುರುತಿಸುವ ಸಮಗ್ರ ಮಾರ್ಗದರ್ಶಿ

ಕಲ್ಲುಹೂ ಅಂದ ತಕ್ಷಣ ನೆನಪಾಗುವುದು ಮಸಾಲೆ ಡಬ್ಬಿ. ಇಲ್ಲವೇ ಅಡಿಕೆ ಮರದ ಮೇಲಿನ ಬಿಳಿ ಮಚ್ಚೆ. ಮಸಾಲೆಗೆ ಬೀಳುವ ಕಲ್ಲುಹೂ ಹೆಚ್ಚಾಗಿ ಮರದ ತೊಗಟೆಯಿಂದ ಕಿತ್ತದ್ದು. ಬರೀ ಮಣ್ಣಿನ ಮೇಲೆ ಬೆಳೆಯುವ ಕಲ್ಲುಹೂಗಳೂ ಇವೆ, ಅವು ನಮ್ಮ ರಸ್ತೆ ಬದಿಯ ಧರೆಯಲ್ಲೇ (ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆಯಲ್ಲೇ) ಇವೆ ಅಂದರೆ ಮಲೆನಾಡಿನವರೇ ನಂಬುವುದಿಲ್ಲ. ತೀರ್ಥಹಳ್ಳಿಯಿಂದ ಮೇಗರವಳ್ಳಿ ದಾಟಿ ಆಗುಂಬೆಗೆ ಹೋಗುವಾಗ, ಹೊಸನಗರದಿಂದ ಹುಲಿಕಲ್ ಘಾಟಿ ಇಳಿಯುವಾಗ, ನೀವು ಅದರ ಪಕ್ಕದಲ್ಲೇ ಹಾದುಹೋಗಿರುವ ಸಾಧ್ಯತೆ ಜಾಸ್ತಿ. ಬೈಕಿನಲ್ಲಿ ಕೂತು ನೋಡಿದರೆ ಅದು ಬೂದಿ ಬಣ್ಣದ ಕಲೆ, ಅಷ್ಟೇ. ಇಳಿದು ಅರ್ಧ ಅಡಿ ಹತ್ತಿರ ಮುಖ ಒಡ್ಡಿದರೆ ಬೇರೆಯೇ ಲೋಕ.

ಈ ಮಾರ್ಗದರ್ಶಿ ಮುಖ್ಯವಾಗಿ ಕ್ಲಾಡೋನಿಯ ಎಂಬ ಕುಲದ ಬಗ್ಗೆ. ಜಗತ್ತಿನಲ್ಲಿ ಇದರ 400ಕ್ಕೂ ಹೆಚ್ಚು ಪ್ರಭೇದಗಳಿವೆ. ಉತ್ತರ ಧ್ರುವದ ಹತ್ತಿರ ಹಿಮಸಾರಂಗಗಳು ಚಳಿಗಾಲವಿಡೀ ಹೆಚ್ಚಾಗಿ ಮೇಯುವುದು ಇದೇ ಕುಲದ ಕೆಲವು ಕಲ್ಲುಹೂಗಳನ್ನು. ಅವುಗಳ ಬಂಧುಗಳು ಪಶ್ಚಿಮ ಘಟ್ಟದ ಕೆಂಪು ಮಣ್ಣಿನ ಮೇಲೂ ನೆಲೆ ಕಂಡಿವೆ. ಇವುಗಳನ್ನು ಹುಡುಕಲು ಹೊರಡುವವರಿಗೆ ನನ್ನ ಮೊದಲ ಮಾತು ಒಂದೇ: ಕಲ್ಲುಹೂವನ್ನು ಹುಡುಕಬೇಡಿ, ಧರೆಯನ್ನು ಹುಡುಕಿ. ಸರಿಯಾದ ಧರೆ ಸಿಕ್ಕರೆ ಅದು ತಾನಾಗಿ ಸಿಗುತ್ತದೆ.

ಹೊರಡುವ ಮೊದಲು ಸ್ವಲ್ಪ ಪಾಠ

ಕಲ್ಲುಹೂ ಗಿಡವಲ್ಲ, ಪಾಚಿಯೂ ಅಲ್ಲ. ಅದೊಂದು ಶಿಲೀಂಧ್ರ. ತನ್ನ ಎಳೆಗಳ ನಡುವೆ ಹಸಿರು ಪಾಚಿಯ ಕಣಗಳನ್ನು ಇಟ್ಟುಕೊಂಡು, ಅವು ಬಿಸಿಲಿನಲ್ಲಿ ಮಾಡುವ ಸಕ್ಕರೆಯಿಂದ ಬದುಕುತ್ತದೆ. ಕೆಲವು ಕಲ್ಲುಹೂಗಳಲ್ಲಿ ಹಸಿರು ಪಾಚಿಯ ಬದಲು ಸಯನೋಬ್ಯಾಕ್ಟೀರಿಯ (ಪಾಚಿಯಂತೆಯೇ ಬಿಸಿಲಿನಿಂದ ಆಹಾರ ಮಾಡುವ ಬ್ಯಾಕ್ಟೀರಿಯ) ಇರುತ್ತದೆ. ಇದು ಎರಡು ಜೀವಿಗಳ ಕೂಡುಬಾಳ್ವೆ ಅಂತ 1867ರಲ್ಲಿ ಸ್ವಿಟ್ಜರ್‌ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡೆನರ್ ಹೇಳಿದಾಗ, ಆ ಕಾಲದ ಕಲ್ಲುಹೂ ಪಂಡಿತರಲ್ಲಿ ಬಹಳಷ್ಟು ಮಂದಿ ಅದನ್ನು ಸುತರಾಂ ಒಪ್ಪಲಿಲ್ಲ. ಈಗ ಅದು ಶಾಲೆ ಪುಸ್ತಕದ ಮಾತು. 2016ರಲ್ಲಿ ಕೆಲವು ಕಲ್ಲುಹೂಗಳ ಹೊರಪದರದಲ್ಲಿ ಯೀಸ್ಟ್ ಕೂಡ ಇದೆ ಅಂತ ಗೊತ್ತಾಯಿತು. ಹಾಗಾಗಿ ಇಬ್ಬರ ಸಂಸಾರ ಅಂತ ಲೆಕ್ಕ ಮುಗಿಸುವ ಹಾಗೂ ಇಲ್ಲ.

ಇನ್ನೊಂದು ವಿಷಯ, ಇದಕ್ಕೆ ಬೇರಿಲ್ಲ. ಮಣ್ಣಿಗೆ ಅಂಟಿಕೊಂಡಿರುತ್ತದೆ, ಆದರೆ ನೀರು, ಖನಿಜ ಹೆಚ್ಚಿನದೆಲ್ಲ ಬರುವುದು ಮಳೆ, ಮಂಜು, ಗಾಳಿಯ ದೂಳಿನಿಂದ. ಬಂದದ್ದರಲ್ಲಿ ಒಳ್ಳೆಯದು ಕೆಟ್ಟದ್ದು ಅಂತ ಸೋಸುವ ವ್ಯವಸ್ಥೆಯೂ ಇಲ್ಲ. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಗೊಂಡಾಗ ಗಾಳಿಯಲ್ಲಿ ಬಂದ ವಿಕಿರಣಶೀಲ ಸೀಸಿಯಂ ಸ್ಕ್ಯಾಂಡಿನೇವಿಯದ ಕಲ್ಲುಹೂಗಳಲ್ಲಿ ಸೇರಿತು. ಅವನ್ನು ಮೇಯ್ದ ಹಿಮಸಾರಂಗಗಳ ಮಾಂಸವನ್ನು ಅಲ್ಲಿನ ಸಾಮಿ ಜನ ತಿನ್ನುವಂತಿರಲಿಲ್ಲ. ಗಾಳಿ ಕೆಟ್ಟ ಕಡೆ ಕಲ್ಲುಹೂ ಮೊದಲು ಮಾಯವಾಗುವುದೂ ಇದೇ ಕಾರಣಕ್ಕೆ.

ಹೆಜ್ಜೆ 1: ಸರಿಯಾದ ಧರೆ ಆರಿಸಿ

ಈ ಹೆಜ್ಜೆಗೆ ಎಷ್ಟು ಸಮಯ ಕೊಟ್ಟರೂ ನಷ್ಟವಿಲ್ಲ.

ನೆಲದ ಕಲ್ಲುಹೂಗೆ ಕಾಡಿನ ಒಳಗಿನ ನೆಲ ಆಗುವುದಿಲ್ಲ. ಅಲ್ಲಿ ದರಗು ಬೀಳುತ್ತದೆ. ಒಂದು ಹಲಸಿನ ಎಲೆ ಮೇಲೆ ಬಿದ್ದು ಅಲ್ಲೇ ಕೂತರೆ ಸಾಕು, ಕೆಳಗಿನ ಕಲ್ಲುಹೂಗೆ ಬೆಳಕಿಲ್ಲ, ಕೊಳೆಯುತ್ತದೆ. ಸಪಾಟು ಬೇಣದಲ್ಲಿ ಹುಲ್ಲು ಎದ್ದು ಮುಚ್ಚಿಬಿಡುತ್ತದೆ. ಹಾಗಾದರೆ ಉಳಿದದ್ದು ಎಲ್ಲಿ? ಎಲೆ ಬಿದ್ದರೂ ನಿಲ್ಲದ, ಬೆಳಕು ಓರೆಯಾಗಿ ತಾಗುವ, ಸಾರವಿಲ್ಲದ ಹುಳಿ ಮಣ್ಣಿನ ಕಡಿದಾದ ಜಾಗ. ಅದೇ ಧರೆ. ಬೇರೆ ಗಿಡಗಳು ಬೇಡ ಅಂತ ಬಿಟ್ಟ ಜಾಗದಲ್ಲಿ ಇದು ನಿಧಾನವಾಗಿ ಬೆಳೆಯುತ್ತದೆ. ವರ್ಷಕ್ಕೆ ಕೆಲವೇ ಮಿಲಿಮೀಟರ್.

ನಿಧಾನ ಅಂದಮೇಲೆ ಧರೆ ಹಳೆಯದಾಗಿರಲೇಬೇಕು. ಮೊನ್ನೆ ಮೊನ್ನೆ ಜೆಸಿಬಿ ಬಗೆದ ಹಸಿ ಕೆಂಪು ಗೋಡೆಯ ಮುಂದೆ ನಿಂತು ಹುಡುಕಿದರೆ ಏನೂ ಸಿಗದು. ಹಿಂದಿನವರು ಗುದ್ದಲಿಯಲ್ಲಿ ಕಡಿದ ತೋಟದ ಅಗಳು (ಕಂದಕ), ಹಳ್ಳಿಗೆ ಇಳಿಯುವ ಹಳೇ ಗಾಡಿದಾರಿ, ದೇವಸ್ಥಾನಕ್ಕೆ ಹತ್ತುವ ಕಾಲುದಾರಿಯ ಬದಿ, ಜಂಬಿಟ್ಟಿಗೆ ಪದರ ಹೊರಗೆ ಕಾಣುವ ಕಡಿತ, ಇವು ಉತ್ತಮ. ದಿಕ್ಕು ನೋಡಿ. ಬೆಳಗಿನ ಎಳೆಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಧರೆ ಎಲ್ಲಕ್ಕಿಂತ ಒಳ್ಳೆಯದು. ಇಡೀ ದಿನ ನೆರಳಿದ್ದರೆ ಹಾವಸೆ (ಮಾಸ್) ಮತ್ತು ಜರಿಗಿಡ ಗೆಲ್ಲುತ್ತವೆ, ಇಡೀ ದಿನ ಬಿಸಿಲಿದ್ದರೆ ಮಣ್ಣು ಬಿರುಕುಬಿಟ್ಟು ಉದುರುತ್ತದೆ.

ಊರಿನ ಲೆಕ್ಕದಲ್ಲಿ ಹೇಳುವುದಾದರೆ, ಶಿವಮೊಗ್ಗ ಪೇಟೆಯ ಸುತ್ತ ಹುಡುಕುವುದು ಸುಮ್ನೆ ಸಮಯ ಹಾಳು. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಪೇಟೆಯಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಮಂಡಗದ್ದೆ ದಾಟಿ ಪಶ್ಚಿಮಕ್ಕೆ ಹೋದಷ್ಟೂ ಅದೃಷ್ಟ ಕುದುರುತ್ತದೆ. ಹೊಸನಗರ, ಬಿದನೂರು ನಗರ, ಆಗುಂಬೆ ಸುತ್ತಿನ ಧರೆಗಳು, 1,343 ಮೀಟರ್ ಎತ್ತರದ ಕೊಡಚಾದ್ರಿಯ ದಾರಿ, ಆ ಕಡೆ ಚಿಕ್ಕಮಗಳೂರಿನ ಕೆಮ್ಮಣ್ಣುಗುಂಡಿ, ಬಾಬಾಬುಡನ್‌ಗಿರಿ ಸಾಲು, ಇವೆಲ್ಲ ನೋಡಬೇಕಾದ ಜಾಗಗಳು. ಎತ್ತರಕ್ಕೆ ಹೋದ ಹಾಗೆ ಕವಲೊಡೆದ, ಪೊದೆಯಂಥ ಜಾತಿಗಳು ಸಿಗುವ ಸಾಧ್ಯತೆ ಹೆಚ್ಚು.

ಅಡಿಕೆ ತೋಟದ ಅಂಚಿನ ಧರೆಯನ್ನು ಶುರುವಿನಲ್ಲಿ ಬಿಟ್ಟುಬಿಡಿ. ಕೊಳೆರೋಗಕ್ಕೆ ಬೋರ್ಡೋ ಹೊಡೆದಾಗ ಮೈಲುತುತ್ತ-ಸುಣ್ಣದ ಹನಿ ಧರೆಗೂ ಬಿದ್ದು ತಿಳಿನೀಲಿ ಮಚ್ಚೆಯಾಗಿ ಒಣಗಿರುತ್ತದೆ. ಹೊಸಬರು ಅದನ್ನೇ ಕಲ್ಲುಹೂ ಅಂದುಕೊಳ್ಳುವುದುಂಟು. ಮೈಲುತುತ್ತದಲ್ಲಿರುವ ತಾಮ್ರ ಪಾಚಿಗೆ ವಿಷ ಬೇರೆ.

ಹೆಜ್ಜೆ 2: ಯಾವಾಗ, ಏನು ಹಿಡಿದುಕೊಂಡು

ಅಕ್ಟೋಬರಿನಿಂದ ಫೆಬ್ರವರಿ. ಪುನರ್ವಸು, ಪುಷ್ಯ ಮಳೆಯಲ್ಲಿ ಹೋಗಬೇಡಿ. ಉಂಬಳದ (ಜಿಗಣೆಯ) ಕಾಟ ಹೇಗೋ ತಡೆಯಬಹುದು, ನೆನೆದ ಧರೆ ಜರಿಯುವುದು ಮಾತ್ರ ನಿಜವಾದ ಅಪಾಯ. ಧರೆಗೆ ಮುಖ ಒಡ್ಡಿ ನಿಲ್ಲುವ ಕೆಲಸ ಇದು ಅನ್ನುವುದು ನೆನಪಿರಲಿ. ಸ್ವಾತಿ ಮಳೆ ಮುಗಿದು ಮಣ್ಣು ಬಿಗಿಯಾದ ಮೇಲೆ, ಬೆಳಗ್ಗೆ ಇಬ್ಬನಿ ಆರುವ ಮೊದಲು ಹೋದರೆ ಬಣ್ಣ ಚೆನ್ನಾಗಿ ಕಾಣುತ್ತದೆ.

ಸಾಮಾನು ಜಾಸ್ತಿ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಲೆನ್ಸ್, ನೀರು ಚಿಮುಕಿಸುವ ಸಣ್ಣ ಬಾಟಲಿ, ಒಂದು ಬ್ಲೇಡ್, ಪೆನ್ಸಿಲ್, ನೋಟ್‌ಬುಕ್, ಹಳೇ ಪತ್ರಿಕೆ. ಅಳತೆಗೆ ಸ್ಕೇಲ್ ಮರೆತರೆ ಹತ್ತು ರೂಪಾಯಿ ನಾಣ್ಯ ಸಾಕು, ಅದರ ಅಡ್ಡಳತೆ 27 ಮಿಲಿಮೀಟರ್. ದುಡ್ಡು ಖರ್ಚು ಮಾಡಲೇಬೇಕು ಅಂದರೆ ಕ್ಯಾಮೆರಾಗಿಂತ ಲೆನ್ಸಿಗೆ ಮಾಡಿ.

ಹೆಜ್ಜೆ 3: ಕಲ್ಲುಹೂ ಅಲ್ಲದ್ದನ್ನು ಬದಿಗಿಡಿ

ಒಂದು ಹಳೇ ಧರೆಯಲ್ಲಿ ಹತ್ತಾರು ಬಗೆಯ ಜೀವ ಒಟ್ಟಿಗೆ ಇರುತ್ತವೆ. ಕಡುಹಸಿರು ಬಣ್ಣದ, ಸಣ್ಣ ಎಲೆಗಳ ಪುಟ್ಟ ಗಿಡದ ತುದಿಯಲ್ಲಿ ಕೂದಲು ಟೊಪ್ಪಿಗೆ ಹಾಕಿದ ಕಡ್ಡಿ ಕಂಡರೆ ಅದು ಪೋಗೊನೇಟಂ ಎಂಬ ಹಾವಸೆ. ಎಲೆ ಕಂಡಿತು ಅಂದರೆ ಕಲ್ಲುಹೂ ಅಲ್ಲ, ಇಷ್ಟು ನಿಯಮ ಸಾಕು. ನೆಲಕ್ಕೆ ಚಪ್ಪಟೆಯಾಗಿ ಅಂಟಿದ, ಒತ್ತಿದರೆ ರಸಭರಿತ ಅನ್ನಿಸುವ ಹಸಿರು ಪಟ್ಟಿ ಲಿವರ್‌ವರ್ಟ್, ಹಾವಸೆಯ ದೂರದ ಬಂಧು. ಎಲೆಯ ಅಡಿಭಾಗ ಬೆಳ್ಳಗೆ ಪುಡಿ ಪುಡಿಯಾಗಿದ್ದು, ಮಕ್ಕಳು ಕೈ ಮೇಲೆ ಒತ್ತಿ ಅಚ್ಚು ಹಾಕಿಕೊಳ್ಳುತ್ತಾರಲ್ಲ, ಅದು ಬೆಳ್ಳಿ ಜರಿಗಿಡ. ಗೋಡೆ, ಮರದ ಬುಡದಲ್ಲಿ ಕಿತ್ತಳೆ ಬಣ್ಣದ ಮಖಮಲ್ಲು ಕಂಡರೆ ಅದು ಟ್ರೆಂಟಿಪೋಲಿಯ ಎಂಬ ಪಾಚಿ. ಹೆಸರಿಗೆ ಹಸಿರು ಪಾಚಿ, ಬಣ್ಣ ಮಾತ್ರ ಕಿತ್ತಳೆ. ಇದೇ ಪಾಚಿ ಎಷ್ಟೋ ತೊಗಟೆ ಕಲ್ಲುಹೂಗಳ ಒಳಗೆ ಸಂಗಾತಿಯಾಗಿ ಇರುತ್ತದೆ ಅನ್ನುವುದು ಇನ್ನೊಂದು ಸೋಜಿಗ.

ಇನ್ನು ಧರೆಯ ಮೇಲಂಚು ಮುಂದಕ್ಕೆ ಚಾಚಿ, ಮಳೆ ನೇರ ಬೀಳದ ಒಳಮೂಲೆಯಲ್ಲಿ ತಿಳಿಹಸಿರು ಪುಡಿ ಚೆಲ್ಲಿದ ಹಾಗಿದ್ದರೆ ಅದು ಲೆಪ್ರೇರಿಯ ಇರಬಹುದು. ಅದೂ ಕಲ್ಲುಹೂವೇ. ಆದರೆ ಪುಡಿ ಬಿಟ್ಟರೆ ಅದಕ್ಕೆ ಬೇರೆ ಆಕಾರವೇ ಇಲ್ಲ, ಮನೆಯಲ್ಲಿ ಕೂತು ಪ್ರಭೇದ ಹೇಳುವುದು ಆಗದ ಮಾತು. ಬರೆದುಕೊಂಡು ಮುಂದೆ ಹೋಗಿ.

ಹೆಜ್ಜೆ 4: ಲೆನ್ಸ್ ಹಿಡಿದು ಓದಿ

ಲೆನ್ಸನ್ನು ಕಣ್ಣಿಗೆ ಅಂಟಿಸಿ ಹಿಡಿದು, ತಲೆಯನ್ನೇ ಧರೆಯ ಹತ್ತಿರ ಒಯ್ಯಿರಿ. ಲೆನ್ಸನ್ನು ದೂರ ಹಿಡಿದು ಇಣುಕಿದರೆ ಏನೂ ಸ್ಪಷ್ಟ ಕಾಣದು.

ಕ್ಲಾಡೋನಿಯದ ದೇಹದಲ್ಲಿ ಎರಡು ಭಾಗ. ಮೊದಲನೆಯದು ನೆಲಕ್ಕೆ ಹತ್ತಿಕೊಂಡ ಸಣ್ಣ ಸಣ್ಣ ಚಕ್ಕೆಗಳು. ಒಂದೊಂದೂ ಕೆಲವು ಮಿಲಿಮೀಟರ್. ಮೇಲ್ಭಾಗ ಬೂದು-ಹಸಿರು, ಅಂಚು ಹಲ್ಲು ಹಲ್ಲಾಗಿ ಸೀಳಿರುತ್ತದೆ. ಚಕ್ಕೆಯ ಅಂಚನ್ನು ಬ್ಲೇಡಿನ ತುದಿಯಿಂದ ಮೆಲ್ಲಗೆ ಎತ್ತಿ ನೋಡಿ, ಅಡಿಭಾಗ ಅಚ್ಚ ಬಿಳಿ. ಅಲ್ಲಿ ಹೊರಸಿಪ್ಪೆಯೇ ಇರುವುದಿಲ್ಲ, ಶಿಲೀಂಧ್ರದ ಎಳೆಗಳು ಹತ್ತಿಯಂತೆ ಬಯಲಾಗಿರುತ್ತವೆ.

ಎರಡನೆಯದು ಈ ಚಕ್ಕೆಗಳ ನಡುವಿನಿಂದ ನೆಟ್ಟಗೆ ಏಳುವ ಕಡ್ಡಿ. ಇದಕ್ಕೆ ಪೊಡೀಶಿಯಂ ಎನ್ನುತ್ತಾರೆ. ಸಾಮಾನ್ಯವಾಗಿ ಒಂದೆರಡು ಸೆಂಟಿಮೀಟರ್ ಎತ್ತರ. ಧರೆಯಲ್ಲಿ ಚಕ್ಕೆ ಮಾತ್ರ ಇದ್ದು ಕಡ್ಡಿ ಒಂದೂ ಇಲ್ಲದಿದ್ದರೆ ಆ ಗುಂಪು ಇನ್ನೂ ಎಳೆಯದಿರಬಹುದು, ಅಥವಾ ಅಲ್ಲಿ ಬೆಳಕು ಸಾಲದಿರಬಹುದು. ಕಡ್ಡಿ ಇದ್ದರೆ ನಿಜವಾದ ಓದು ಇಲ್ಲಿಂದ ಶುರು.

ತುದಿ ನೋಡಿ. ಕೆಲವು ಪ್ರಭೇದಗಳಲ್ಲಿ ತುದಿ ಅಗಲವಾಗಿ ಬಟ್ಟಲಾಗಿರುತ್ತದೆ, ದೀಪದ ಕಂಬದ ಮೇಲೆ ಹಣತೆ ಇಟ್ಟ ಹಾಗೆ. ಕೆಲವುಗಳಲ್ಲಿ ಬಟ್ಟಲೇ ಇಲ್ಲ, ತುದಿ ಕೊಂಬಿನ ಹಾಗೆ ಚೂಪು. ಇನ್ನು ಕೆಲವು ಕವಲೊಡೆದು ಪೊದೆಯಾಗುತ್ತವೆ. ಆಮೇಲೆ ಕಡ್ಡಿಯ ಮೈ ನೋಡಿ. ಹಿಟ್ಟು ಉದುರಿಸಿದಂತೆ ನಯವಾದ ಪುಡಿಯೋ, ರವೆಯಂಥ ದಪ್ಪ ಕಾಳೋ, ಇಲ್ಲ ಬುಡದಿಂದ ತುದಿವರೆಗೂ ಚಕ್ಕೆಗಳೇ ಹತ್ತಿವೆಯೋ? ಈ ಮೂರರಲ್ಲಿ ಯಾವುದು ಅನ್ನುವುದು ಪ್ರಭೇದ ಗುರುತಿಸಲು ಬಹಳ ಮುಖ್ಯ. ಫೋಟೊದಲ್ಲಿ ಇದು ಹೆಚ್ಚಾಗಿ ಸರಿಯಾಗಿ ಬರುವುದಿಲ್ಲ, ಅಲ್ಲೇ ಬರೆದುಕೊಳ್ಳಿ. ಕೊನೆಗೆ ತುದಿಯಲ್ಲಿ ಅಥವಾ ಬಟ್ಟಲಿನ ಅಂಚಿನಲ್ಲಿ ಗುಂಡು ಗುಂಡಾದ ತಲೆಗಳಿವೆಯಾ ನೋಡಿ. ಅವು ಶಿಲೀಂಧ್ರದ ಬೀಜಕ ತಯಾರಾಗುವ ಜಾಗ. ಬಣ್ಣ ಬರೆದುಕೊಳ್ಳಿ. ಕಂದು ತಲೆಯವು, ಕೆಂಪು ತಲೆಯವು ಅಂತ ಈ ಕುಲದಲ್ಲಿ ಎರಡು ದೊಡ್ಡ ಪಂಗಡಗಳಿವೆ.

ಪುಡಿಯ ಬಗ್ಗೆ ಇನ್ನೊಂದು ಮಾತು. ತಲೆಯಿಂದ ಹಾರುವ ಬೀಜಕದಲ್ಲಿ ಶಿಲೀಂಧ್ರ ಮಾತ್ರ ಇರುತ್ತದೆ. ಅದು ಬಿದ್ದ ಜಾಗದಲ್ಲಿ ಸರಿಯಾದ ಪಾಚಿ ಸಿಕ್ಕರೆ ಸಂಸಾರ, ಇಲ್ಲದಿದ್ದರೆ ಇಲ್ಲ. ಕಡ್ಡಿಯ ಮೇಲಿನ ಪುಡಿಯ ಒಂದೊಂದು ಕಣದಲ್ಲಿ ಮಾತ್ರ ಪಾಚಿಯ ಕೆಲವು ಕಣಗಳೂ ಅವನ್ನು ಸುತ್ತಿದ ಶಿಲೀಂಧ್ರದ ಎಳೆಯೂ ಒಟ್ಟಿಗೆ ಇರುತ್ತವೆ. ಮಳೆಹನಿ ಬಟ್ಟಲಿಗೆ ಬಿದ್ದು ಚಿಮ್ಮಿದಾಗ ಈ ಪುಡಿ ಪಕ್ಕದ ಮಣ್ಣಿಗೆ ಎಗರುತ್ತದೆ. ಬಾಟಲಿಯಿಂದ ಒಂದು ದೊಡ್ಡ ಹನಿಯನ್ನು ಒಂದಡಿ ಮೇಲಿಂದ ಬಟ್ಟಲಿಗೆ ಬೀಳಿಸಿ, ಹಿಂದೆ ಕಪ್ಪು ಕಾಗದ ಹಿಡಿದು ನೋಡಿ. ಚಿಮ್ಮಿದ ನೀರಿನಲ್ಲಿ ತಿಳಿಹಸಿರು ಚುಕ್ಕೆ ಕಾಣಬಹುದು. ನನಗೆ ಈ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಈಗ ಖಾತ್ರಿಯ ಪರೀಕ್ಷೆ. ಒಂದೇ ಒಂದು ಕಡ್ಡಿಯನ್ನು ಬ್ಲೇಡಿನಿಂದ ಅಡ್ಡ ಕೊಯ್ದು ತುದಿ ನೋಡಿ. ಒಳಗೆ ಟೊಳ್ಳಾಗಿದ್ದರೆ ಕ್ಲಾಡೋನಿಯ ಅಂತ ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಒಳಗೆ ಗಟ್ಟಿಯಾಗಿ ತುಂಬಿದ್ದು, ಹೊರಮೈಯಲ್ಲಿ ಬೂದು ಹರಳಿನಂಥ ಗಂಟುಗಳಿದ್ದರೆ ಸ್ಟೀರಿಯೊಕಾಲಾನ್, ಅದು ಬಂಡೆಯ ಮೇಲೆ ಜಾಸ್ತಿ. ಟೊಳ್ಳು ಹೌದು, ಆದರೆ ಮೈ ಹೊಳೆಯುವ ಕಂದು-ಹಳದಿ, ಅಲ್ಲಲ್ಲಿ ತೂತು ತೂತು ಅಂದರೆ ಕ್ಲೇಡಿಯ. ಇದು ಎತ್ತರದ ಗುಡ್ಡಗಳ ಜೀವ. ಕೊಡಚಾದ್ರಿ, ಮುಳ್ಳಯ್ಯನಗಿರಿ ಕಡೆ ಹೋದಾಗ ಇದೊಂದು ಕಣ್ಣಿನಲ್ಲಿರಲಿ.

ಹೆಜ್ಜೆ 5: ನೀರು ಚಿಮುಕಿಸಿ, ಆದರೆ ಬೆಳಗ್ಗೆ ಮಾತ್ರ

ಒಣಗಿದ ಚಕ್ಕೆಗೆ ಸ್ವಲ್ಪ ನೀರು ಚಿಮುಕಿಸಿ ಕಾಯಿರಿ. ಮುದುಡಿ ಬಿಳಿ ಅಡಿಭಾಗ ತೋರಿಸುತ್ತಿದ್ದ ಚಕ್ಕೆ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ, ಬೂದಿ ಬಣ್ಣ ಹೋಗಿ ಹಸಿರು ಬರುತ್ತದೆ. ಹೊರಸಿಪ್ಪೆ ನೆನೆದು ಪಾರದರ್ಶಕವಾಗಿ, ಒಳಗಿನ ಪಾಚಿಯ ಬಣ್ಣ ಹೊರಗೆ ಕಾಣುವುದು ಇದಕ್ಕೆ ಕಾರಣ. ನೆನೆದಾಗ ಲೋಳೆಯಾಗಿ ಉಬ್ಬಿ ಕಪ್ಪು-ನೀಲಿಯಾದರೆ ಅದು ಕ್ಲಾಡೋನಿಯ ಅಲ್ಲ, ಸಯನೋಬ್ಯಾಕ್ಟೀರಿಯ ಇರುವ ಲೆಪ್ಟೋಜಿಯಂ ಥರದ್ದು.

ಈ ಎರಡು ಬಗೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಹಸಿರು ಪಾಚಿಯ ಕಲ್ಲುಹೂ ಗಾಳಿಯ ತೇವದಿಂದಲೇ ಎಚ್ಚರಗೊಂಡು ಆಹಾರ ತಯಾರಿಸಬಲ್ಲದು. ಸಯನೋಬ್ಯಾಕ್ಟೀರಿಯ ಇರುವುದಕ್ಕೆ ಹನಿ ನೀರೇ ಬೇಕು. ಡಿಸೆಂಬರಿನಲ್ಲಿ ಮಳೆ ಇಲ್ಲದಿದ್ದರೂ ಬೆಳಗಿನ ಮಂಜು ಇರುವ ನಮ್ಮ ಘಟ್ಟದಲ್ಲಿ ಧರೆಯ ಕ್ಲಾಡೋನಿಯ ಹೇಗೆ ದಿನ ದೂಡುತ್ತದೆ ಅಂತ ಈಗ ಗೊತ್ತಾಯಿತಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಮಾತ್ರ ನೀರು ಹಾಕಬೇಡಿ. ನೆನೆದ ಕೂಡಲೇ ಅದರ ಉಸಿರಾಟ ಜೋರಾಗುತ್ತದೆ, ಸಕ್ಕರೆ ಖರ್ಚಾಗುತ್ತದೆ. ಆ ಖರ್ಚು ತುಂಬಿಕೊಳ್ಳುವಷ್ಟು ಹೊತ್ತು ತೇವ ಉಳಿಯದೆ ಒಣಗಿದರೆ ಅದಕ್ಕೆ ನಷ್ಟ. ಫೋಟೊ ಚೆನ್ನಾಗಿ ಬರಲಿ ಅಂತ ಪದೇ ಪದೇ ಚಿಮುಕಿಸುವವರನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ.

ಹೆಜ್ಜೆ 6: ಫೋಟೊ

ನಾಲ್ಕು ಸಾಕು: ಇಡೀ ಧರೆ, ನಾಣ್ಯ ಇಟ್ಟು ಒಂದು ಗುಂಪು, ಕಡ್ಡಿಯ ಪಕ್ಕದ ನೋಟ, ಬಟ್ಟಲಿನ ಮೇಲಿನ ನೋಟ. ಫ್ಲ್ಯಾಶ್ ಬೇಡ. ಜೀವಿಗಳ ಫೋಟೊ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ಜಾಲತಾಣದಲ್ಲಿ ಹಾಕುವಾಗ ಮಣ್ಣಿನ ಬಗೆ, ಎತ್ತರ, ನೆರಳು ಬರೆಯಿರಿ. ಆಪ್ ಕೊಡುವ ಪ್ರಭೇದದ ಹೆಸರನ್ನು ಮಾತ್ರ ನಂಬಬೇಡಿ. ಅದು ಯುರೋಪು, ಅಮೆರಿಕದ ಫೋಟೊಗಳನ್ನೇ ಜಾಸ್ತಿ ನೋಡಿ ಕಲಿತದ್ದು. ಕ್ಲಾಡೋನಿಯ ಅಂತ ಕುಲದ ಹೆಸರಿಗೆ ನಿಲ್ಲಿಸುವುದರಲ್ಲಿ ಅವಮಾನವೇನೂ ಇಲ್ಲ.

ಹೆಜ್ಜೆ 7: ರಾಸಾಯನಿಕ ಪರೀಕ್ಷೆ, ಬೇಕಿದ್ದವರಿಗೆ

ಕಲ್ಲುಹೂಗಳು ತಮ್ಮದೇ ಆಮ್ಲಗಳನ್ನು ತಯಾರಿಸುತ್ತವೆ. ನೋಡಲು ಒಂದೇ ಥರ ಇರುವ ಎರಡು ಪ್ರಭೇದಗಳನ್ನು ಎಷ್ಟೋ ಸಲ ಈ ಆಮ್ಲವೇ ಬೇರೆ ಮಾಡುತ್ತದೆ. ತಜ್ಞರು ಬಳಸುವುದು ಮುಖ್ಯವಾಗಿ ಮೂರು ದ್ರಾವಣ. ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಬ್ಲೀಚ್, ಪ್ಯಾರಾಫಿನಿಲೀನ್ ಡಯಮೀನ್. ಒಂದು ಚೂರನ್ನು ಗಾಜಿನ ಮೇಲೆ ಇಟ್ಟು ಪುಟ್ಟ ಹನಿ ತಾಗಿಸಿ ಬಣ್ಣ ಬದಲಾಗುವುದನ್ನು ಲೆನ್ಸಿನಲ್ಲಿ ನೋಡುತ್ತಾರೆ. ಥ್ಯಾಮ್ನೋಲಿಕ್ ಆಮ್ಲ ಇದ್ದರೆ ಮೊದಲನೆಯದಕ್ಕೆ ಗಾಢ ಹಳದಿ. ಕ್ಲಾಡೋನಿಯದಲ್ಲಿ ತುಂಬಾ ಸಾಮಾನ್ಯವಾದ ಫ್ಯುಮಾರ್‌ಪ್ರೊಟೊಸೆಟ್ರಾರಿಕ್ ಆಮ್ಲ ಇದ್ದರೆ ಮೂರನೆಯದಕ್ಕೆ ಕೆಂಪು. ಆದರೆ ಈ ಮೂರನೆಯದು ವಿಷಕಾರಿ, ಮನೆಯಲ್ಲಿ ಇಡುವ ಸಾಮಾನಲ್ಲ. ಮೊದಲ ಎರಡೂ ಚರ್ಮ ಸುಡುತ್ತವೆ. ಕಾಲೇಜಿನ ಪ್ರಯೋಗಾಲಯದಲ್ಲಿ, ಮೇಷ್ಟ್ರ ಎದುರಲ್ಲಿ, ಕೈಗವಸು ಹಾಕಿ ಮಾಡಿ. ಪರೀಕ್ಷೆಯನ್ನು ಎಂದೂ ಧರೆಯ ಮೇಲೇ ಮಾಡಬೇಡಿ.

ಹೆಜ್ಜೆ 8: ಮಾದರಿ ತೆಗೆಯುವುದು

ಹೆಚ್ಚಿನವರಿಗೆ ಇದರ ಅಗತ್ಯವೇ ಇಲ್ಲ. ಸೋಮೇಶ್ವರ, ಮೂಕಾಂಬಿಕಾ, ಶರಾವತಿ ಕಣಿವೆ, ಭದ್ರಾ, ಶೆಟ್ಟಿಹಳ್ಳಿ, ಇವೆಲ್ಲ ವನ್ಯಜೀವಿಧಾಮಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅವುಗಳ ಒಳಗಿಂದ ಅನುಮತಿ ಇಲ್ಲದೆ ಒಂದು ಚಕ್ಕೆಯನ್ನೂ ತರುವಂತಿಲ್ಲ. ನಿಮ್ಮದೇ ತೋಟದ ಅಗಳಿನಿಂದ ಓದಿಗಾಗಿ ತೆಗೆಯುವುದಾದರೆ ಬೆರಳುಗುರಿನಷ್ಟು ಸಾಕು, ಅದೂ ಗುಂಪು ದೊಡ್ಡದಿದ್ದರೆ.

ಅಡಿಯ ಮಣ್ಣಿನ ತೆಳು ಪದರ ಸಮೇತ ಬ್ಲೇಡಿನಿಂದ ಎತ್ತಿ, ಪತ್ರಿಕೆಯ ಪೊಟ್ಟಣದಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಬೂಷ್ಟು ಹಿಡಿಯುತ್ತದೆ. ನೆರಳಿನಲ್ಲಿ ಒಣಗಿಸಿ. ಹೂವು-ಎಲೆಗಳಂತೆ ಒತ್ತಿ ಒಣಗಿಸಬೇಡಿ, ಕಡ್ಡಿ ಪುಡಿಯಾಗುತ್ತದೆ. ಪೊಟ್ಟಣದ ಮೇಲೆ ಜಾಗ, ತಾರೀಖು, ಎತ್ತರ, ಮಣ್ಣು, ದಿಕ್ಕು, ತೆಗೆದವರ ಹೆಸರು, ಎಲ್ಲವನ್ನೂ ಪೆನ್ಸಿಲಿನಲ್ಲೇ ಬರೆಯಿರಿ. ಶಾಯಿ ಮಲೆನಾಡಿನ ತೇವಕ್ಕೆ ಹರಡಿಬಿಡುತ್ತದೆ. ಖಚಿತ ಹೆಸರು ಬೇಕಾದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ವಿಚಾರಿಸಬಹುದು. ದೇಶದ ಮಟ್ಟದಲ್ಲಿ ಕಲ್ಲುಹೂಗಳ ದೊಡ್ಡ ಸಂಗ್ರಹ ಇರುವುದು ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರೀಯ ಸಂಶೋಧನಾ ಸಂಸ್ಥೆಯಲ್ಲಿ.

ಹಾಗೇ, ಧರೆಯ ಕಲ್ಲುಹೂ ತಂದು ಮಸಾಲೆಗೆ ಹಾಕುವ ಪ್ರಯೋಗ ಬೇಡ. ಅದು ಬೇರೆ, ಇದು ಬೇರೆ.

ಹೆಜ್ಜೆ 9: ಒಂದೇ ಧರೆಯನ್ನು ವರ್ಷ ವರ್ಷ ನೋಡಿ

ಹತ್ತು ಊರು ಸುತ್ತುವುದಕ್ಕಿಂತ ಮನೆ ಹತ್ತಿರದ ಒಂದು ಧರೆ ಆರಿಸಿಕೊಳ್ಳುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ. ತೆಂಗಿನ ಗರಿಯ ಕಡ್ಡಿಯಲ್ಲಿ 20 ಸೆಂಟಿಮೀಟರ್ ಚೌಕ ಕಟ್ಟಿಕೊಂಡು, ಪ್ರತಿ ವರ್ಷ ದೀಪಾವಳಿ ಹೊತ್ತಿಗೆ ಅದೇ ಜಾಗಕ್ಕೆ ಹಿಡಿದು ಫೋಟೊ ತೆಗೆಯಿರಿ. ಚೌಕದಲ್ಲಿ ಬರೀ ಮಣ್ಣು ಎಷ್ಟು, ಹಾವಸೆ ಎಷ್ಟು, ಕಲ್ಲುಹೂ ಎಷ್ಟು ಅಂತ ಅಂದಾಜು ಬರೆದಿಡಿ.

ಹಸಿ ಧರೆಗೆ ಮೊದಲು ಬರುವುದು ಹಸಿರು ಪಾಚಿಯ ತೆಳು ಪೊರೆ. ಆಮೇಲೆ ಕಲ್ಲುಹೂ ಚಕ್ಕೆ, ಹಾವಸೆ. ಇವು ಮಣ್ಣಿನ ಕಣಗಳನ್ನು ಎಳೆಗಳಿಂದ ಹಿಡಿದುಕೊಂಡು, ಮಳೆಹನಿಯ ಹೊಡೆತಕ್ಕೆ ಮೇಲ್ಮಣ್ಣು ಕೊಚ್ಚಿಹೋಗದ ಹಾಗೆ ನೋಡಿಕೊಳ್ಳುತ್ತವೆ. ಇಡೀ ಗುಡ್ಡ ಜಾರುವುದನ್ನು ಇವು ತಡೆಯುವುದಿಲ್ಲ, ಅಷ್ಟು ಶಕ್ತಿ ಇವಕ್ಕಿಲ್ಲ. ಕೊನೆಗೆ ಜರಿಗಿಡ, ಹುಲ್ಲು ಬಂದು ನೆರಳು ಮಾಡಿದಾಗ ಕಲ್ಲುಹೂ ಹಿಂದೆ ಸರಿಯುತ್ತದೆ. ನಿಮ್ಮ ಚೌಕ ಈ ದಾರಿಯಲ್ಲಿ ಎಲ್ಲಿದೆ ಅನ್ನುವುದು ನಾಲ್ಕೈದು ವರ್ಷದ ಫೋಟೊ ಜೋಡಿಸಿದರೆ ತಿಳಿಯುತ್ತದೆ.

ಧರೆಗೆ ಪೇಂಟ್ ಬಳಿದು ಗುರುತು ಹಾಕಬೇಡಿ, ಮೊಳೆಯೂ ಬೇಡ. ಪಕ್ಕದಲ್ಲಿ ಹೊರಚಾಚಿದ ಒಂದು ಜಂಬಿಟ್ಟಿಗೆ ಗಡ್ಡೆಯನ್ನೋ ಬೇರನ್ನೋ ಗುರುತಿಟ್ಟುಕೊಂಡು, ಅದರಿಂದ ಎಷ್ಟು ಗೇಣು ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮಳೆಗಾಲಕ್ಕೆ ಮೊದಲು ರಸ್ತೆ ಬದಿ ಸವರುವ ಕೆಲಸಗಾರರು ಬಂದರೆ ಮಾತಾಡಿ. ಚರಂಡಿ ಬಿಡಿಸುವುದು ಬೇಕೇ ಬೇಕು, ಧರೆಯ ಮೈ ಕೆರೆಯುವುದು ಬೇಡ ಅಂತ ತೋರಿಸಿ ಹೇಳಿದರೆ ಹೆಚ್ಚಿನವರು ಕೇಳುತ್ತಾರೆ. ಲೆನ್ಸ್ ಕೊಟ್ಟು ಬಟ್ಟಲು ತೋರಿಸಿದರಂತೂ ಖಂಡಿತ ಕೇಳುತ್ತಾರೆ.